ದೊರ್ಮಿರ್ ಒಮ್ಮೆ ‘ದುಎರ್ಮೆ’, ಒಮ್ಮೆ ‘ದೊರ್ಮಿದ್’ ಯಾಕೆ?

ಪ್ರಶ್ನೆ: ಮೊಬೈಲ್‌ನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ದೊರ್ಮಿರ್ ಅಂದರೆ ಮಲಗುವುದು. ಒಬ್ಬರಿಗೆ ‘ಮಲಗು’ ಅನ್ನಲು ದುಎರ್ಮೆ, ಹಲವರಿಗೆ ದೊರ್ಮಿದ್, ‘ಮಲಗೋಣ’ ಅನ್ನಲು ದುರ್ಮಾಮೊಸ್. ಎಲ್ಲ ಬಾಯಿಪಾಠ ಮಾಡಬೇಕಾ?
– ಒಬ್ಬ ಓದುಗರು, ಬೆಳಗಾವಿ

ಉತ್ತರ: ಬೇಕಿಲ್ಲ. ಪದವನ್ನು ಜೋರಾಗಿ ಹೇಳಿ, ಒತ್ತು ಎಲ್ಲಿ ಬೀಳುತ್ತದೆ ಅಂತ ಕೇಳಿ. ದುಎರ್ಮೆಯಲ್ಲಿ ಒತ್ತು ಮೊದಲ ಭಾಗದ ಮೇಲೆ, ಅಂದರೆ ಧಾತುವಿನ ಮೇಲೆ. ದೊರ್ಮಿದ್‌ನಲ್ಲಿ ಕೊನೆಗೆ. ಲ್ಯಾಟಿನ್ನಿನ ಹ್ರಸ್ವ ಎ, ಒ ಸ್ವರಗಳು ಒತ್ತು ಬಿದ್ದ ಕಡೆ ಸ್ಪ್ಯಾನಿಷ್‌ನಲ್ಲಿ ಒಡೆದು ಇಎ, ಉಎ ಆದವು. ಒತ್ತು ಇಲ್ಲದ ಕಡೆ ಹಾಗೇ ಉಳಿದವು. ನಿಮಗೆ ಹತ್ತಿರದ ಗೋವಾದಲ್ಲಿ ಹಿಂದೆ ಆಳಿದ ಪೋರ್ಚುಗೀಸರ ಭಾಷೆಯಲ್ಲಿ ಇದು ಆಗಲಿಲ್ಲ. ಅವರಿಗೆ ಬಾಗಿಲು ‘ಪೋರ್ತ’, ಸ್ಪೇನಿನವರಿಗೆ ‘ಪುಎರ್ತ’.

ಇನ್ನು ಆಜ್ಞೆಗೆ ಬನ್ನಿ. ‘ತೂ’, ಅಂದರೆ ನಮ್ಮ ನೀನು, ಸುಲಭ. ‘ಅವಳು ಮಲಗುತ್ತಾಳೆ’ ಅನ್ನುವ ರೂಪವೇ ‘ಮಲಗು’ ಕೂಡ: ದುಎರ್ಮೆ. ಸೆರ್ರಾರ್ (ಮುಚ್ಚು) ಸಿಎರ್ರ ಆಗುತ್ತದೆ, ಬೊಲ್ಬೆರ್ (ಮರಳು) ಬುಎಲ್ಬೆ. ಗೌರವದ ‘ಉಸ್ತೆದ್’ಗೆ ಕೊನೆಯ ಸ್ವರ ಅದಲು ಬದಲು: ಸಿಎರ್ರೆ, ಬುಎಲ್ಬ, ದುಎರ್ಮ. ಹಲವರಿದ್ದರೆ ಅದಕ್ಕೇ ‘ನ್’ ಸೇರಿಸಿ. ಲ್ಯಾಟಿನ್ ಅಮೆರಿಕದಲ್ಲಿ ಗೆಳೆಯರ ಗುಂಪಿಗೂ ಇದೇ ರೂಪ.

ದೊರ್ಮಿದ್, ಸೆರ್ರಾದ್ ಇವು ಸ್ಪೇನ್‌ನಲ್ಲಿ ಸಲುಗೆಯಿಂದ ಹಲವರಿಗೆ ಹೇಳುವವು. ಮೂಲರೂಪದ ಕೊನೆಯ ‘ರ್’ ತೆಗೆದು ‘ದ್’ ಹಾಕಿದರೆ ಮುಗಿಯಿತು, ಧಾತು ಯಾವತ್ತೂ ಬದಲಾಗದು. ಅರ್ಜೆಂಟೀನಾದವರು ‘ತೂ’ ಬದಲು ‘ಬೊಸ್’ ಬಳಸುತ್ತಾರೆ. ಅವರ ಆಜ್ಞೆ ದೊರ್ಮೀ, ಸೆರ್ರಾ. ಒತ್ತು ಕೊನೆಗೆ ಹೋಯಿತು, ಸ್ವರ ಒಡೆಯಲಿಲ್ಲ. ಲೆಕ್ಕ ಸರಿಹೋಯ್ತು ಅಲ್ವಾ?

ನಿಜವಾದ ತಕರಾರು ಇರುವುದು ‘-ಓಣ’ದಲ್ಲಿ. ಸೆರ್ರೇಮೊಸ್, ಬೊಲ್ಬಾಮೊಸ್ ನಿಯಮದಂತೆಯೇ ಇವೆ. ಆದರೆ ‘ಇರ್’ನಲ್ಲಿ ಕೊನೆಯಾಗುವ ಈ ಜಾತಿಯ ಕ್ರಿಯಾಪದಗಳಲ್ಲಿ ಒತ್ತು ಇಲ್ಲದಿದ್ದರೂ ಒ ಹೋಗಿ ಉ, ಎ ಹೋಗಿ ಇ ಬರುತ್ತದೆ: ದುರ್ಮಾಮೊಸ್, ಸೆಂತಿರ್ (ಅನುಭವಿಸು) ಇದ್ದದ್ದು ಸಿಂತಾಮೊಸ್. ಇದನ್ನು ಗಟ್ಟಿ ಮಾಡುವುದಕ್ಕಿಂತ ‘ಮಲಗುತ್ತಾ’ ಅನ್ನುವ ದುರ್ಮಿಎಂದೊ ನೆನಪಿಡಿ. ಅದರಲ್ಲಿರುವ ಸ್ವರವೇ ಇಲ್ಲೂ. ಪೆದಿರ್ (ಕೇಳಿ ಪಡೆ, ಹೋಟೆಲಿನಲ್ಲಿ ಆರ್ಡರ್ ಮಾಡು) ಒಡೆಯುವುದೇ ಇಲ್ಲ, ಬರೀ ಇ ಆಗುತ್ತದೆ: ಪಿದೆ, ಪಿದ, ಪಿದಾಮೊಸ್. ಆದರೆ ಸ್ಪೇನಿನ ರೂಪ ಮಾತ್ರ ಪೆದಿದ್.

ತೆನೆರ್ (ಹೊಂದಿರು), ಬೆನಿರ್ (ಬರು) ಎರಡನ್ನು ಸುಮ್ನೆ ಬಾಯಿಪಾಠ ಮಾಡಿ. ‘ತೂ’ಗೆ ತಿಎನೆ, ಬಿಎನೆ ಆಗಬೇಕಿತ್ತು. ಬಳಕೆಯಲ್ಲಿರುವುದು ತುಂಡಾದ ತೆನ್, ಬೆನ್. ನಾವೂ ‘ಬರು’ ಅನ್ನದೆ ‘ಬಾ’ ಅನ್ನುತ್ತೇವಲ್ಲ, ಹಾಗೆ.

‘ಅದನ್ನು ಮುಚ್ಚು’ ಅನ್ನಬೇಕಾದರೆ ‘ಲ’ವನ್ನು ಹಿಂದೆ ಅಂಟಿಸಿ: ಸಿಎರ್ರಲ. ಒತ್ತು ಇದ್ದಲ್ಲೇ ಇರುತ್ತದೆ. ಬರೆಯುವಾಗ ಮಾತ್ರ ಆ ಎ ಮೇಲೆ ಓರೆ ಗೆರೆ ಹಾಕಬೇಕು.