ಹಸಿವನ್ನು ಅಳೆಯುವ ಎಂಟು ಪ್ರಶ್ನೆಗಳು

ಮೈ ಸೊರಗುವುದಕ್ಕೆ ಎಷ್ಟೋ ಮುಂಚೆ ಹಸಿವು ಮನೆಯೊಳಗೆ ಬಂದಿರುತ್ತದೆ. ಮೊದಲು ನಾಳೆಯ ಊಟದ ಚಿಂತೆ, ಆಮೇಲೆ ತಟ್ಟೆಯಿಂದ ಹಣ್ಣು, ಕಾಳು, ಹಾಲು ಮಾಯ. ನಂತರ ತುತ್ತು ಕಡಿಮೆಯಾಗುತ್ತದೆ, ಕೊನೆಗೆ ಇಡೀ ದಿನ ಉಪವಾಸ. ಈ ಇಳಿಜಾರನ್ನೇ ಅಳೆಯಲೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಿಂದ ಎಂಟು ಪ್ರಶ್ನೆಗಳನ್ನು ಬಳಸುತ್ತಿದೆ. ಎಲ್ಲಕ್ಕೂ ಉತ್ತರ ಹೌದು ಅಥವಾ ಇಲ್ಲ. ಕಳೆದ 12 ತಿಂಗಳಲ್ಲಿ ಊಟ ಸಾಲದೇ ಹೋದೀತೆಂದು ಚಿಂತಿಸಿದ್ದಿರಾ ಎಂಬುದು ಮೊದಲನೆಯದು. ಇಡೀ ದಿನ ಏನೂ ತಿನ್ನದೆ ಇದ್ದಿರಾ ಎಂಬುದು ಕೊನೆಯದು.

ಪ್ರತಿ ಪ್ರಶ್ನೆಯಲ್ಲೂ ‘ಹಣ ಅಥವಾ ಬೇರೆ ಅನುಕೂಲವಿಲ್ಲದ ಕಾರಣ’ ಎಂಬ ಮಾತು ಇರಲೇಬೇಕು. ಪ್ರಶ್ನೆ ಕೇಳುವವರು ಅವಸರದಲ್ಲಿ ಇದನ್ನು ನುಂಗಿದರೆ ವ್ರತ ಹಿಡಿದವರು, ತೂಕ ಇಳಿಸುವವರು, ಕೆಲಸದ ಗಡಿಬಿಡಿಯಲ್ಲಿ ಊಟ ತಪ್ಪಿಸಿದವರು ಎಲ್ಲರೂ ಹಸಿದವರ ಲೆಕ್ಕಕ್ಕೆ ಬಂದುಬಿಡುತ್ತಾರೆ. ಉತ್ತರ ಕೊಟ್ಟರೆ ನೆರವು ಸಿಗುತ್ತದೆಂಬ ನಿರೀಕ್ಷೆ ಹುಟ್ಟಿದರೂ ಲೆಕ್ಕ ಏರುಪೇರಾಗುತ್ತದೆ. ಫೋನ್ ಮೂಲಕ ಕೇಳಿದರೆ ಫೋನೇ ಇಲ್ಲದ ಕಡುಬಡವರು ಹೊರಗುಳಿಯುತ್ತಾರೆ. ‘ಹೌದು’ಗಳನ್ನು ಬರಿದೇ ಕೂಡಿಸಿ ದೇಶ ದೇಶಗಳನ್ನು ಹೋಲಿಸುವಂತೆಯೂ ಇಲ್ಲ. ಒಂದೇ ಪ್ರಶ್ನೆ ಒಂದು ಭಾಷೆಯಲ್ಲಿ ಹಗುರವಾಗಿ, ಇನ್ನೊಂದರಲ್ಲಿ ಕಟುವಾಗಿ ಕೇಳಿಸಬಹುದು. ಹಾಗಾಗಿ ರಾಶ್ ಮಾದರಿ ಎಂಬ ಸಂಖ್ಯಾಶಾಸ್ತ್ರದ ವಿಧಾನದಿಂದ ಪ್ರತಿ ಪ್ರಶ್ನೆಯ ತೀವ್ರತೆಯನ್ನು ಲೆಕ್ಕಹಾಕಿ, ಒಂದೇ ಅಳತೆಗೋಲಿಗೆ ಹೊಂದಿಸುತ್ತಾರೆ.

ಹಳೆಯ ಲೆಕ್ಕ ಬೇರೆ. ದೇಶದಲ್ಲಿ ಬೆಳೆದದ್ದು, ತರಿಸಿಕೊಂಡದ್ದು ಕೂಡಿಸಿ, ರಫ್ತು, ಬಿತ್ತನೆ, ಪಶು ಆಹಾರ ಎಲ್ಲ ಕಳೆದು, ತಲಾ ಎಷ್ಟು ಕ್ಯಾಲೊರಿ ಎಂದು ಅಂದಾಜು ಮಾಡುವುದು. ದೀರ್ಘಕಾಲದ ಚಿತ್ರಕ್ಕೆ ಇದು ಬೇಕು. ಆದರೆ ಎಲ್ಲರಿಗೂ ಬಡಿಸಿ ತಾನು ಕಡಿಮೆ ಉಂಡ ಹೆಂಗಸು ಇದರಲ್ಲಿ ಕಾಣುವುದಿಲ್ಲ. ವ್ಯಕ್ತಿಗಳನ್ನೇ ಕೇಳಿದ್ದರಿಂದ, ಜಗತ್ತಿನಾದ್ಯಂತ ಗಂಡಸರಿಗಿಂತ ಹೆಂಗಸರಲ್ಲಿ ಆಹಾರ ಅಭದ್ರತೆ, ಅಂದರೆ ಬೇಕಾದಷ್ಟು ಊಟ ಸಿಗುವ ಭರವಸೆ ಇಲ್ಲದಿರುವುದು, ಹೆಚ್ಚು ಎಂಬುದು ಅಂಕಿಗಳಲ್ಲೇ ಸಿಕ್ಕಿತು. ಈ ಎಂಟು ಪ್ರಶ್ನೆಗಳ ದೊಡ್ಡ ಗಳಿಕೆ ಇದೇ ಎನ್ನಬೇಕು.

ಎರಡೂ ಲೆಕ್ಕಗಳನ್ನು ಪಕ್ಕದಲ್ಲಿಟ್ಟು ನೋಡಿ. 2024ರಲ್ಲಿ ಕ್ಯಾಲೊರಿ ಲೆಕ್ಕದ ಪ್ರಕಾರ ಹಸಿದವರು ಸುಮಾರು 67 ಕೋಟಿ. ಎಂಟು ಪ್ರಶ್ನೆಗಳ ಲೆಕ್ಕದಲ್ಲಿ ಮಧ್ಯಮ ಅಥವಾ ತೀವ್ರ ಆಹಾರ ಅಭದ್ರತೆ ಅನುಭವಿಸಿದವರು ಸುಮಾರು 230 ಕೋಟಿ. ಕೋವಿಡ್ ಬಂದ 2020ರಲ್ಲಿ ಈ ಎರಡನೆಯ ಪ್ರಮಾಣ, ಹಿಂದಿನ ಐದು ವರ್ಷಗಳಲ್ಲಿ ಒಟ್ಟಾಗಿ ಏರಿದಷ್ಟೇ ಬಹುತೇಕ ಒಂದೇ ವರ್ಷದಲ್ಲಿ ಏರಿತ್ತು. ಈಗ ಜಾಗತಿಕ ಸರಾಸರಿ ನಿಧಾನವಾಗಿ ಇಳಿಯುತ್ತಿದೆ. ಆದರೆ ಆ ಸರಾಸರಿಯನ್ನು ನಂಬಿ ಕೂರುವುದು ಅಪಾಯ: ಏಷ್ಯಾದಲ್ಲಿ, ಲ್ಯಾಟಿನ್ ಅಮೆರಿಕದಲ್ಲಿ ಹಸಿವು ತಗ್ಗುತ್ತಿರುವಾಗ ಆಫ್ರಿಕಾದಲ್ಲಿ ಅದು ಏರುತ್ತಲೇ ಇದೆ. ಅಲ್ಲಿ ಐವರಲ್ಲಿ ಒಬ್ಬರಿಗೆ ಬೇಕಾದಷ್ಟು ಕ್ಯಾಲೊರಿಯೇ ಸಿಗುತ್ತಿಲ್ಲ. ಕಡಿಮೆ ಆದಾಯದ ದೇಶಗಳಲ್ಲಿ 2023ರ ಮೇ ತಿಂಗಳಲ್ಲಿ ಆಹಾರದ ಬೆಲೆ ಏರಿಕೆ ಶೇ 30 ಮುಟ್ಟಿತ್ತು. ಗಳಿಕೆಯ ಬಹುಪಾಲು ಊಟಕ್ಕೇ ಹೋಗುವ ಮನೆಯಲ್ಲಿ, ಅಂಥ ಏಟನ್ನು ತಾಳಿಕೊಳ್ಳಲು ಬೇರೆ ಯಾವ ಖರ್ಚನ್ನು ಕಡಿತ ಮಾಡಲು ಸಾಧ್ಯ?

ಒಂದು ಎಚ್ಚರಿಕೆ. 12 ತಿಂಗಳ ನೆನಪನ್ನು ಕೇಳಿದರೆ ವರ್ಷದ ಚಿತ್ರ ಬರುತ್ತದೆ, ಆದರೆ ಹಸಿವು ಯಾವ ತಿಂಗಳಲ್ಲಿ ಬಂತೆಂದು ತಿಳಿಯುವುದಿಲ್ಲ. ಹಳೆಯ ದವಸ ಮುಗಿದು ಹೊಸ ಕೊಯ್ಲು ಇನ್ನೂ ಬರದ ವಾರಗಳನ್ನು ಹಿಡಿಯಬೇಕಾದರೆ ಅದೇ ಪ್ರಶ್ನೆಗಳನ್ನು ಕಳೆದ 30 ದಿನಗಳ ಬಗ್ಗೆ, ವರ್ಷದಲ್ಲಿ ಹಲವು ಬಾರಿ ಕೇಳಬೇಕು. ಕೊಯ್ಲು ಮುಗಿದ ಮೇಲೆ ಒಮ್ಮೆ ಮಾತ್ರ ಹೀಗೆ ಕೇಳಿದರೆ ತುಂಬಿದ ಕಣಜವಷ್ಟೇ ಲೆಕ್ಕಕ್ಕೆ ಸಿಗುತ್ತದೆ.