ದಾಕ್ಷಿಣ್ಯ, ರಿಜಿಸ್ಟರ್ ಮತ್ತು ಒಂದು ಹೊಲಿಗೆ ಯಂತ್ರ: ಚಿಕ್ಕ ಮ್ಯೂಸಿಯಂ ನಡೆಸುವ ಬಗ್ಗೆ ಅಧ್ಯಯನ ಟಿಪ್ಪಣಿ

ಒಂದು ಸನ್ನಿವೇಶ ಇಟ್ಟುಕೊಂಡೇ ಓದೋಣ. ಒಂದು ಊರಿನ ಇತಿಹಾಸದ ಚಿಕ್ಕ ಮ್ಯೂಸಿಯಂ. ಎರಡು ಕೋಣೆ, ಒಂದು ಉಗ್ರಾಣ. ಸಂಬಳಕ್ಕೆ ಇರುವವರು ಒಬ್ಬರು, ಮಿಕ್ಕವರೆಲ್ಲ ಸ್ವಯಂಸೇವಕರು. ಮೇಲೆ ಒಂಬತ್ತು ಜನರ ಆಡಳಿತ ಮಂಡಳಿ. ಬಾಗಿಲು ಹಾಕುವ ಹೊತ್ತಿಗೆ ಯಾರೋ ಒಬ್ಬರು ಕೈಯಲ್ಲಿ ತಿರುಗಿಸುವ ಹಳೆಯ ಹೊಲಿಗೆ ಯಂತ್ರ ಹೊತ್ತು ತಂದು ಮೇಜಿನ ಮೇಲಿಡುತ್ತಾರೆ. "ನಮ್ಮಜ್ಜಿಯದು. ಮನೆ ಖಾಲಿ ಮಾಡ್ತಿದ್ದೀವಿ. ನಿಮ್ಮ ಹತ್ರ ಇದ್ರೆ ನಾಲ್ಕು ಜನ ನೋಡ್ತಾರೆ." ಅಲ್ಲೇ ಕೂತಿದ್ದ ಮಂಡಳಿ ಸದಸ್ಯರೊಬ್ಬರು "ಅದಕ್ಕೇನಂತೆ, ಇಟ್ಟು ಹೋಗಿ" ಅಂದುಬಿಡುತ್ತಾರೆ.

ಈ "ಅದಕ್ಕೇನಂತೆ"ಯ ಕೆಳಗೆ ಗೆರೆ ಎಳೆದುಕೊಳ್ಳಿ. ಚಿಕ್ಕ ಮ್ಯೂಸಿಯಂಗಳನ್ನು ಗೆದ್ದಲಿಗಿಂತ ಹೆಚ್ಚಾಗಿ ತಿಂದಿರುವುದು ದಾಕ್ಷಿಣ್ಯ ಎಂಬುದು ನನ್ನ ಅಭಿಪ್ರಾಯ. ದಾಕ್ಷಿಣ್ಯಕ್ಕೆ ಬಸುರಾಗಿ ಹೆರೋಕೆ ತಾವಿಲ್ಲ ಅನ್ನುವ ಗಾದೆ ಉಗ್ರಾಣ ನೋಡಿಯೇ ಹುಟ್ಟಿತೇನೋ ಅನ್ನಿಸುತ್ತದೆ.

ವ್ಯಾಖ್ಯೆಯಲ್ಲಿ ಅಡಗಿರುವುದು

ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ, ಅಂದರೆ 1946ರಲ್ಲಿ ಹುಟ್ಟಿದ ಐಕಾಮ್, 2022ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಹೊಸ ವ್ಯಾಖ್ಯೆಯನ್ನು ಒಪ್ಪಿತು. ಲಾಭದ ಉದ್ದೇಶವಿಲ್ಲದ, ಸಮಾಜದ ಸೇವೆಗಿರುವ ಕಾಯಂ ಸಂಸ್ಥೆ ಎಂದು ಅದು ಶುರುವಾಗುತ್ತದೆ. ಆಮೇಲೆ ಕೆಲಸಗಳ ಪಟ್ಟಿ: ಸಂಶೋಧಿಸುವುದು, ಸಂಗ್ರಹಿಸುವುದು, ಸಂರಕ್ಷಿಸುವುದು, ಅರ್ಥ ಬಿಡಿಸಿ ಹೇಳುವುದು, ಪ್ರದರ್ಶಿಸುವುದು. ಕಂಠಪಾಠ ಮಾಡುವವರು ಕ್ರಮವನ್ನೂ ನೋಡಿ. ಸಂಶೋಧನೆ ಮೊದಲು, ಸಂಗ್ರಹ ಆಮೇಲೆ. ನಮ್ಮ ಸನ್ನಿವೇಶದಲ್ಲಿ ಇದು ತಿರುಗುಮುರುಗಾಗಿದೆ. ಯಂತ್ರ ಬಂದು ಕೂತಾಯ್ತು, ಅದು ಯಾಕೆ ಬೇಕು ಎಂದು ಯಾರೂ ಕೇಳಿಲ್ಲ.

"ಕಾಯಂ" ಅನ್ನುವ ಪದವೂ ಹಗುರವಲ್ಲ. ಒಮ್ಮೆ ತೆಗೆದುಕೊಂಡದ್ದನ್ನು ನಮ್ಮ ನಂತರದವರೂ ನೋಡಿಕೊಳ್ಳುತ್ತಾರೆ ಎಂದು ಕೊಟ್ಟ ಮಾತು ಅದು. "ಲಾಭದ ಉದ್ದೇಶವಿಲ್ಲದ" ಅಂದರೆ ದುಡ್ಡು ಸಂಪಾದಿಸಬಾರದು ಎಂದು ಹಲವರು ತಿಳಿಯುತ್ತಾರೆ. ಟಿಕೆಟ್ ಇಡಬಹುದು, ಪುಸ್ತಕ ಮಾರಬಹುದು, ವರ್ಷದ ಕೊನೆಗೆ ಉಳಿಕೆಯೂ ಇರಬಹುದು, ಇರಲೇಬೇಕು. ಆ ಉಳಿಕೆಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅಷ್ಟೆ.

ಬೇಡ ಎನ್ನುವ ವಿದ್ಯೆ

ಸಂಗ್ರಹ ನೀತಿ ಎಂಬ ಎರಡು ಮೂರು ಪುಟದ ಕಾಗದವನ್ನು ಮಂಡಳಿ ಠರಾವು ಮಾಡಿ ಇಟ್ಟುಕೊಂಡಿರಬೇಕು. ಯಾವ ಪ್ರದೇಶ, ಯಾವ ಕಾಲ, ಯಾವ ವಿಷಯ, ಯಾವುದು ಬೇಡ ಎಂಬುದೆಲ್ಲ ಅದರಲ್ಲಿರುತ್ತದೆ. ಇದರ ನಿಜವಾದ ಉಪಯೋಗ ಮೇಜಿನ ಹತ್ತಿರ ಕಾಣುತ್ತದೆ. "ನಮಗೇನೂ ಬೇಡ ಅಂತಿಲ್ಲ, ಆದರೆ ಮಂಡಳಿ ನೋಡಿ ತೀರ್ಮಾನಿಸಬೇಕು" ಎಂದು ಸಿಬ್ಬಂದಿ ಹೇಳಿದರೆ ಮುಖ ಮುರಿದಂತಾಗುವುದಿಲ್ಲ. ಮುಲಾಜಿನ ಭಾರವನ್ನು ಕಾಗದ ಹೊರುತ್ತದೆ.

ಬಂದ ವಸ್ತುವಿಗೆ ಆ ದಿನ ಕೊಡಬೇಕಾದದ್ದು ತಾತ್ಕಾಲಿಕ ರಸೀದಿ ಮಾತ್ರ. ಅದರಲ್ಲಿ ತಂದವರ ಹೆಸರು, ದಿನಾಂಕ, ವಸ್ತುವಿನ ಸ್ಥಿತಿ, ಮಂಡಳಿ ಬೇಡವೆಂದರೆ ಯಾವ ದಿನದೊಳಗೆ ವಾಪಸು ಒಯ್ಯಬೇಕು ಎಂಬುದು ಇರಬೇಕು. ಮಂಡಳಿ ಒಪ್ಪಿದ ಮೇಲೆ ದಾನಪತ್ರ. ಅದಕ್ಕೆ ಸಹಿ ಬೀಳುವತನಕ ವಸ್ತು ನಮ್ಮದಲ್ಲ, ಎಷ್ಟು ವರ್ಷ ನಮ್ಮ ಕಪಾಟಿನಲ್ಲಿದ್ದರೂ ಅಲ್ಲ. ಸಹಿ ಮಾಡುವವರಿಗೆ ಕೊಡುವ ಹಕ್ಕಿದೆಯೇ ಎಂದೂ ಕೇಳಬೇಕು. ಅಜ್ಜಿಗೆ ನಾಲ್ಕು ಮಕ್ಕಳಿದ್ದರೆ ಒಬ್ಬ ಮೊಮ್ಮಗನ ಸಹಿ ಸಾಲದು. ಇದನ್ನು ಕೇಳಲು ನಾಚಿಕೆಪಟ್ಟು, ಹತ್ತು ವರ್ಷದ ಮೇಲೆ ಇನ್ನೊಬ್ಬ ವಾರಸುದಾರರು ಬಾಗಿಲಿಗೆ ಬಂದು ನಿಂತಾಗ ತಲೆ ಕೆರೆದುಕೊಳ್ಳುವುದು ಎಲ್ಲ ದೇಶದಲ್ಲೂ ನಡೆಯುವ ಕಥೆ.

ಷರತ್ತುಗಳ ದಾನ ಬೇಡ. "ಸದಾ ಪ್ರದರ್ಶನದಲ್ಲಿರಬೇಕು", "ನಮ್ಮ ಮನೆತನದ ಹೆಸರಿನ ಕಪಾಟಿನಲ್ಲೇ ಇರಬೇಕು" ಎಂದರೆ ವಿನಯದಿಂದ ಬೇಡವೆನ್ನಿ. "ಕಾಯಂ ಎರವಲು" ಎಂಬ ಇನ್ನೊಂದು ಮಾತಿದೆ. ಎರವಲಿಗೆ ತಾರೀಕು ಇರಬೇಕು. ತಾರೀಕಿಲ್ಲದ ಎರವಲೆಂದರೆ ಬೇರೆಯವರ ಆಸ್ತಿಗೆ ನಮ್ಮ ಖರ್ಚಿನಲ್ಲಿ ಕಾವಲು.

ನಂಬರು, ಪೆನ್ಸಿಲ್, ಪಟ್ಟಿ

ಹೆಚ್ಚು ಬಳಕೆಯಲ್ಲಿರುವ ಪದ್ಧತಿ ಮೂರು ಭಾಗದ ನಂಬರು. 2024.7.1 ಅಂದರೆ 2024ರಲ್ಲಿ ಬಂದ ಏಳನೆಯ ದಾನದ ಒಂದನೆಯ ವಸ್ತು. ನೋಡಿದರೆ ಮಕ್ಕಳ ಲೆಕ್ಕ. ಆದರೆ ಇದೊಂದೇ ವಸ್ತುವನ್ನು ದಾನಪತ್ರಕ್ಕೆ, ದಾನಪತ್ರವನ್ನು ಕಥೆಗೆ, ಕಥೆಯನ್ನು ಕಪಾಟಿನ ಯಾವ ಹಲಗೆ ಎಂಬುದಕ್ಕೆ ಕಟ್ಟಿ ಹಾಕುತ್ತದೆ.

ಬರೆಯುವ ವಿಧಾನ ಪ್ರಾಯೋಗಿಕ ಪರೀಕ್ಷೆಗೆ ಬರುವಂಥದ್ದು. ಮರ, ಲೋಹ, ಪಿಂಗಾಣಿಯ ಮೇಲೆ ನೇರವಾಗಿ ಬರೆಯಬಾರದು. ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಅಸಿಟೋನ್‌ನಲ್ಲಿ ಕರಗಿಸಿ, ಸಣ್ಣ ಕುಂಚದಿಂದ ಬೆರಳುಗುರಿನಷ್ಟು ಜಾಗಕ್ಕೆ ಹಚ್ಚಿ, ಒಣಗಿದ ಮೇಲೆ ಅದರ ಮೇಲೆ ನಂಬರು ಬರೆದು, ಮತ್ತೊಂದು ಪದರ ಹಚ್ಚಬೇಕು. ಬೇಡವೆಂದಾಗ ಅಸಿಟೋನ್‌ನಿಂದ ಒರೆಸಿದರೆ ಹೋಗಬೇಕು. ತೆಗೆಯಲು ಬರುವಂತಿರಬೇಕು ಎಂಬುದೇ ಈ ಕಸುಬಿನ ಮೊದಲ ಪಾಠ. ಅಸಿಟೋನ್ ತಾಗಿದರೆ ಕರಗುವ ಪ್ಲಾಸ್ಟಿಕ್, ಬಣ್ಣ, ವಾರ್ನಿಷ್ ಮೇಲೆ ಈ ವಿಧಾನ ಬೇಡ. ಅಲ್ಲಿಗೆ ದಾರದಲ್ಲಿ ಕಟ್ಟಿದ ಚೀಟಿ ಸಾಕು. ಕಾಗದಕ್ಕೆ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್. ಬಟ್ಟೆಗೆ ಹತ್ತಿಯ ಪಟ್ಟಿಯ ಮೇಲೆ ಬರೆದು ಎರಡು ಹೊಲಿಗೆ. ಅಂಟುಪಟ್ಟಿ, ಸ್ಟೇಪ್ಲರ್ ಪಿನ್ನು, ರಬ್ಬರ್ ಬ್ಯಾಂಡ್ ಎಲ್ಲಿಯೂ ಸಲ್ಲದು.

ರಿಜಿಸ್ಟರ್‌ನಲ್ಲಿ "ಹಳೆಯ ಹೊಲಿಗೆ ಯಂತ್ರ, 1" ಎಂದು ಬರೆದರೆ ಏನೂ ಬರೆದ ಹಾಗಲ್ಲ. ಕಂಪನಿಯ ಹೆಸರು, ಸೀರಿಯಲ್ ನಂಬರು (ಸಿಂಗರ್ ಯಂತ್ರಗಳಲ್ಲಿ ಇದರಿಂದ ತಯಾರಾದ ಕಾಲ ಪತ್ತೆ ಹಚ್ಚಬಹುದು), ಅಳತೆ, ಎಲ್ಲಿ ಬಣ್ಣ ಸವೆದಿದೆ, ಯಾವ ಭಾಗ ಆಮೇಲೆ ಬದಲಾಯಿಸಿದ್ದು. ಎಲ್ಲಕ್ಕಿಂತ ಮುಖ್ಯವಾಗಿ ಯಾರು ಹೊಲಿದರು, ಯಾರಿಗೆ ಹೊಲಿದರು, ಮನೆಗೋ ದುಡಿಮೆಗೋ. ಕಂಪನಿ ಸಾವಿರಗಟ್ಟಲೆ ಯಂತ್ರ ಮಾಡಿದೆ. ಆ ಅಜ್ಜಿ ಒಬ್ಬರೇ.

ವಸ್ತು ಹಾಳಾಗುವ ಬಗೆ

ಕೆನಡಿಯನ್ ಕನ್ಸರ್ವೇಶನ್ ಇನ್‌ಸ್ಟಿಟ್ಯೂಟ್ ಹತ್ತು ಕಾರಣಗಳ ಪಟ್ಟಿ ಮಾಡಿದೆ: ಪೆಟ್ಟು ಮತ್ತು ಒತ್ತಡ, ಕಳವು ಮತ್ತು ಪುಂಡಾಟ, ಬೆಂಕಿ, ನೀರು, ಹುಳ-ಇಲಿ, ಮಾಲಿನ್ಯ, ಬೆಳಕು, ತಾಪಮಾನ, ತೇವಾಂಶ, ಹತ್ತನೆಯದು ಸಂಬಂಧ ಕಡಿದುಹೋಗುವುದು. ಅಂದರೆ ವಸ್ತು ಇದೆ, ಚೀಟಿ ಬಿದ್ದುಹೋಗಿದೆ. ಈ ಹತ್ತನೆಯದನ್ನು ಬಹಳ ಜನ ಪರೀಕ್ಷೆಯಲ್ಲಿ ಮರೆಯುತ್ತಾರೆ, ಮ್ಯೂಸಿಯಂನಲ್ಲೂ ಮರೆಯುತ್ತಾರೆ.

2018ರ ಸೆಪ್ಟೆಂಬರ್ 2ರ ರಾತ್ರಿ ರಿಯೊ ಡಿ ಜನೈರೊದ ಬ್ರೆಜಿಲ್ ರಾಷ್ಟ್ರೀಯ ಮ್ಯೂಸಿಯಂ ಸುಟ್ಟುಹೋಯಿತು. ಅದು 1818ರಲ್ಲಿ ಸ್ಥಾಪನೆಯಾದದ್ದು, ಇನ್ನೂರು ತುಂಬಿದ ವರ್ಷವೇ ಹೀಗಾಯಿತು. ವಸ್ತುಗಳ ಜೊತೆ ದಾಖಲೆಗಳೂ ಹೋದವು. ಮಾರನೆಯ ದಿನಗಳಲ್ಲಿ ಅಲ್ಲಿನ ಮ್ಯೂಸಿಯಂ ಶಾಸ್ತ್ರದ ವಿದ್ಯಾರ್ಥಿಗಳು, ಹಿಂದೆ ಭೇಟಿ ಕೊಟ್ಟವರ ಹತ್ತಿರ ಫೋಟೊ ಇದ್ದರೆ ಕಳಿಸಿ ಎಂದು ಜನರನ್ನು ಕೇಳಿಕೊಂಡರು. ರಿಜಿಸ್ಟರ್‌ನ ಒಂದು ನಕಲು ಕಟ್ಟಡದ ಹೊರಗೆ ಇರಬೇಕು ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ಚಿಕ್ಕ ಮ್ಯೂಸಿಯಂಗೆ ಇದು ಒಂದು ಪೆನ್ ಡ್ರೈವ್‌ನ ಮತ್ತು ಒಂದು ಶಿಸ್ತಿನ ಕೆಲಸ.

ಬೆಳಕಿನ ಲೆಕ್ಕ ಮಾಡಿ ನೋಡೋಣ, ಇದು ಎಲ್ಲರೂ ತಪ್ಪುವ ಜಾಗ. ಬಟ್ಟೆ, ಜಲವರ್ಣ, ಬಣ್ಣ ಹಾಕಿದ ಕಾಗದದ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂಬುದು ರೂಢಿಯ ಮಿತಿ (ಲಕ್ಸ್ ಅಂದರೆ ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ). ಇದರ ಜೊತೆಗೆ ವರ್ಷದ ಒಟ್ಟು ಮೊತ್ತವೂ ಲೆಕ್ಕಕ್ಕೆ ಬರುತ್ತದೆ. 2004ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಕೊಟ್ಟ ಮಿತಿ, ಮಧ್ಯಮ ಸೂಕ್ಷ್ಮತೆಯ ವಸ್ತುವಿಗೆ ವರ್ಷಕ್ಕೆ 1,50,000 ಲಕ್ಸ್-ಗಂಟೆ, ಅಂದರೆ ಲಕ್ಸ್ ಅನ್ನು ಬೆಳಕು ಬಿದ್ದ ಗಂಟೆಗಳಿಂದ ಗುಣಿಸಿದ್ದು. ಬಹಳ ಸೂಕ್ಷ್ಮವಾದದ್ದಕ್ಕೆ 15,000. ದಿನಕ್ಕೆ 8 ಗಂಟೆಯಂತೆ 300 ದಿನ 50 ಲಕ್ಸ್ ಬಿದ್ದರೆ 1,20,000. ಮಧ್ಯಮದ್ದಕ್ಕೆ ಪರವಾಗಿಲ್ಲ. ಬಹಳ ಸೂಕ್ಷ್ಮವಾದದ್ದು ದಿನಕ್ಕೆ 400ರಂತೆ 37 ದಿನದಲ್ಲಿ ತನ್ನ ಇಡೀ ವರ್ಷದ ಪಾಲನ್ನು ಮುಗಿಸಿಬಿಡುತ್ತದೆ. ಅಂದರೆ ಸುಲಭವಾಗಿ ಬಣ್ಣ ಬಿಡುವ ಮದುವೆ ಸೀರೆ ವರ್ಷಕ್ಕೆ ಐದು ವಾರ ಹೊರಗೆ, ಮಿಕ್ಕ ದಿನ ಕತ್ತಲಲ್ಲಿ. ಮಾಸಿದ ಬಣ್ಣ ಮತ್ತೆ ಬರುವುದಿಲ್ಲ.

ಹುಳ ಹಿಡಿದ ಉಣ್ಣೆ, ಬಟ್ಟೆಗೆ ಔಷಧಿ ಹೊಡೆಯುವ ಬದಲು ತಂಪಿನ ಚಿಕಿತ್ಸೆ ಇದೆ: ಪಾಲಿಥೀನ್‌ನಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ. ಹೊರಗೆ ತಂದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ನೀರಿನ ಪಸೆ ವಸ್ತುವಿನ ಮೇಲೇ ಕೂರುತ್ತದೆ.

ಮಂಡಳಿ ಎಂಬ ಇನ್ನೊಂದು ಸಂಗ್ರಹ

ಟ್ರಸ್ಟಿಯ, ಅಂದರೆ ಮಂಡಳಿ ಸದಸ್ಯರ, ಹೊಣೆಯನ್ನು ಪಠ್ಯಗಳು ಮೂರಾಗಿ ಹೇಳುತ್ತವೆ: ಎಚ್ಚರ, ನಿಷ್ಠೆ, ಉದ್ದೇಶಕ್ಕೆ ಬದ್ಧತೆ. ಎಚ್ಚರವೆಂದರೆ ಕಾಗದ ಓದಿಕೊಂಡು ಸಭೆಗೆ ಬರುವುದು. ನಿಷ್ಠೆಯೆಂದರೆ ಸಂಸ್ಥೆಯ ಹಿತ ಮೊದಲು, ತನ್ನದು ಆಮೇಲೆ. ಹಳೆಯ ನಾಣ್ಯ ಸಂಗ್ರಹಿಸುವ ಹವ್ಯಾಸದ ಸದಸ್ಯರೊಬ್ಬರು ಮಂಡಳಿಯಲ್ಲಿದ್ದಾರೆ ಎನ್ನಿ, ನಾಣ್ಯದ ಡಬ್ಬಿ ದಾನಕ್ಕೆ ಬಂದಾಗ ಅವರು ಬಾಯಿಬಿಟ್ಟು ಹೇಳಿ, ಚರ್ಚೆಯಿಂದ ಎದ್ದು ಹೊರಗೆ ಹೋಗಬೇಕು. ಹೋದರು ಎಂಬುದು ನಡಾವಳಿಯಲ್ಲಿ ಬರಬೇಕು.

ಮಂಡಳಿ ನೀತಿ ಮಾಡುತ್ತದೆ, ಸಿಬ್ಬಂದಿ ನಡೆಸುತ್ತಾರೆ ಎಂದು ಪುಸ್ತಕ ಹೇಳುತ್ತದೆ. ಚಿಕ್ಕ ಮ್ಯೂಸಿಯಂನಲ್ಲಿ ಖಜಾಂಚಿಯೇ ಶನಿವಾರ ಕಸ ಗುಡಿಸುತ್ತಾರೆ. ತೊಂದರೆಯಿಲ್ಲ, ಗುಡಿಸುವಾಗ ಅವರು ಸ್ವಯಂಸೇವಕರು, ಕೆಲಸ ಹಂಚುವವರ ಮಾತು ಕೇಳಬೇಕು. ಯಾವ ಹೊತ್ತಿಗೆ ಯಾವ ವೇಷ ಎಂಬುದು ಅವರಿಗೂ ಬೇರೆಯವರಿಗೂ ಗೊತ್ತಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕಟ್ಟಿ ಬೆಳೆಸಿದವರ ವಿಷಯ ಸೂಕ್ಷ್ಮ. ಬೀಗದ ಕೈ ಅವರ ಜೇಬಿನಲ್ಲಿ, ದಾನಿಗಳ ಪರಿಚಯ ಅವರ ಫೋನಿನಲ್ಲಿ, ಯಾವ ಪೆಟ್ಟಿಗೆ ಯಾರದು ಎಂಬುದು ಅವರ ತಲೆಯಲ್ಲಿ. ಗೌರವದಿಂದ ಇಪ್ಪತ್ತು ವರ್ಷ ಯಾರೂ ಕೇಳುವುದಿಲ್ಲ. ಹತ್ತು ಕಾರಣಗಳ ಪಟ್ಟಿಯ ಕೊನೆಯದು ಇಲ್ಲಿಗೂ ಅನ್ವಯಿಸುತ್ತದೆ, ಈ ಸಲ ಬಿದ್ದುಹೋಗುವ ಚೀಟಿ ಒಬ್ಬ ಮನುಷ್ಯ. ಅದಕ್ಕೇ ಬೈಲಾದಲ್ಲಿ ಅವಧಿ ಇರಬೇಕು. ಒಂಬತ್ತು ಜನರಲ್ಲಿ ಪ್ರತಿ ವರ್ಷ ಮೂವರು ನಿವೃತ್ತರಾಗಿ ಮೂವರು ಹೊಸಬರು ಬಂದರೆ, ಯಾವತ್ತೂ ಆರು ಜನ ಅನುಭವಿಗಳು ಉಳಿದಿರುತ್ತಾರೆ.

ಹಣದ ಬಗ್ಗೆ ಎರಡೇ ಮಾತು. ಚೆಕ್ಕಿಗೆ ಇಬ್ಬರ ಸಹಿ. ಸೂರಿಗೆಂದು ಬಂದ ದಾನದಲ್ಲಿ ವಿದ್ಯುತ್ ಬಿಲ್ಲು ಕಟ್ಟುವಂತಿಲ್ಲ, ಬ್ಯಾಂಕಿನಲ್ಲಿ ಅದೊಂದೇ ದುಡ್ಡು ಉಳಿದಿದ್ದರೂ.

ಮಾರಿ ತೂತು ಮುಚ್ಚುವುದು

ಸಂಗ್ರಹದಿಂದ ವಸ್ತು ತೆಗೆಯುವುದು ಪಾಪವಲ್ಲ. ಎರಡೆರಡು ಇರುವುದು, ಉದ್ದೇಶಕ್ಕೆ ಹೊಂದದ್ದು, ರಿಪೇರಿಗೆ ನಿಲುಕದ್ದು ಇದ್ದರೆ ಠರಾವು ಮಾಡಿ ತೆಗೆಯಬಹುದು, ಮೊದಲ ಆಯ್ಕೆ ಇನ್ನೊಂದು ಮ್ಯೂಸಿಯಂ. 1986ರಲ್ಲಿ ಒಪ್ಪಿ 2004ರಲ್ಲಿ ತಿದ್ದಿದ ಐಕಾಮ್ ನೀತಿಸಂಹಿತೆ ಹೇಳುವಂತೆ, ಮಾರಿ ಬಂದ ಹಣ ಸಂಗ್ರಹದ ಒಳಿತಿಗೇ ಹೋಗಬೇಕು, ಸಾಮಾನ್ಯವಾಗಿ ಹೊಸ ವಸ್ತು ಕೊಳ್ಳುವುದಕ್ಕೆ. ದಿನದ ಖರ್ಚಿಗಲ್ಲ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಬರ್ಕ್‌ಷೈರ್ ಮ್ಯೂಸಿಯಂ. 2017ರಲ್ಲಿ ಅದರ ಮಂಡಳಿ 40 ಕಲಾಕೃತಿ ಮಾರಿ ಮೂಲನಿಧಿ ಕಟ್ಟಲು, ಕಟ್ಟಡ ಹೊಸದಾಗಿಸಲು ಹೊರಟಿತು. ಆ ಪಟ್ಟಿಯಲ್ಲಿ ಚಿತ್ರಕಾರ ನಾರ್ಮನ್ ರಾಕ್‌ವೆಲ್ ತಾವೇ ದಾನ ಕೊಟ್ಟಿದ್ದ ಎರಡು ಚಿತ್ರಗಳಿದ್ದವು. ಅವರ ಮಕ್ಕಳು ಕೋರ್ಟಿಗೆ ಹೋದರು. 2018ರಲ್ಲಿ ಕೋರ್ಟು ಒಪ್ಪಿ ಮಾರಾಟವೂ ನಡೆಯಿತು. ಕಲಾ ಮ್ಯೂಸಿಯಂ ನಿರ್ದೇಶಕರ ಸಂಘ ಮಾತ್ರ ತನ್ನ ಸದಸ್ಯರಿಗೆ ಆ ಮ್ಯೂಸಿಯಂ ಜೊತೆ ಎರವಲು ಕೊಡು-ಕೊಳ್ಳು ಬೇಡ ಎಂದಿತು. ಕಾನೂನು ಗೆದ್ದಿತು. ಮರುವರ್ಷ ತಮ್ಮ ಬಳಿ ಇರುವ ಅಮೂಲ್ಯ ವಸ್ತುವನ್ನು ಕೊಡಲು ಬರುವವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದನ್ನು ಯಾವ ಕೋರ್ಟೂ ತೀರ್ಮಾನಿಸಲಾರದು.

ಮೇಜಿನ ಮೇಲಿನ ಯಂತ್ರಕ್ಕೆ ಏನಾಯಿತು

ನಡಾವಳಿ ಬರೆಯುವ ಅಭ್ಯಾಸಕ್ಕಾಗಿ ಇದನ್ನು ಕೊನೆಗೆ ಉಳಿಸಿಕೊಂಡಿದ್ದೆ. "ಹೊಲಿಗೆ ಯಂತ್ರದ ಬಗ್ಗೆ ದೀರ್ಘ ಚರ್ಚೆ ನಡೆಯಿತು" ಎಂಬುದು ನಡಾವಳಿಯಲ್ಲ. ಯಾರು ಸಿಟ್ಟಾದರು ಎಂಬುದೂ ಅಲ್ಲ. ಏನು ತೀರ್ಮಾನ, ಯಾಕೆ, ಯಾರು ಮಾಡಬೇಕು, ಯಾವಾಗಿನೊಳಗೆ, ಇಷ್ಟು ಸಾಕು.

ಯಂತ್ರ ಪರಿಶೀಲಿಸುವಾಗ ಅದರ ಕೆಳಗಿನ ಪುಟ್ಟ ಖಾನೆಯಲ್ಲಿ ಸೂಜಿ ಡಬ್ಬಿಯ ಜೊತೆ ಒಂದು ಮಡಚಿದ ನೋಟ್‌ಬುಕ್ ಸಿಕ್ಕಿತು ಎಂದಿಟ್ಟುಕೊಳ್ಳಿ. ಒಳಗೆ ಪೆನ್ಸಿಲ್‌ನಲ್ಲಿ ಹೆಸರುಗಳು, ಎದುರಿಗೆ ಎದೆ, ಸೊಂಟ, ತೋಳಿನ ಅಳತೆ, ಕೆಲವಕ್ಕೆ "ಬಾಕಿ" ಎಂಬ ಗುರುತು. ಅಜ್ಜಿ ಮನೆಗೆ ಹೊಲಿದವರಲ್ಲ, ಇಡೀ ಬೀದಿಗೆ ಹೊಲಿದವರು. ಮಂಡಳಿಯ ಠರಾವು ಹೀಗಿರಬಹುದು:

"ಉಗ್ರಾಣದಲ್ಲಿ ಇದೇ ಬಗೆಯ ಎರಡು ಯಂತ್ರಗಳಿರುವುದರಿಂದ ಯಂತ್ರವನ್ನು ಮುಖ್ಯ ಸಂಗ್ರಹಕ್ಕೆ ಸೇರಿಸತಕ್ಕದ್ದಲ್ಲ, ದಾನಿಯವರು ಒಪ್ಪಿದರೆ ಶಾಲಾ ಮಕ್ಕಳು ಮುಟ್ಟಿ ನೋಡುವ ಕಲಿಕಾ ಸಾಮಗ್ರಿಯಾಗಿ ಇಟ್ಟುಕೊಳ್ಳುವುದು. ಅಳತೆ ಪುಸ್ತಕವನ್ನು ಎಲ್ಲ ವಾರಸುದಾರರ ಸಹಿಯೊಡನೆ ಸ್ವೀಕರಿಸುವುದು. ದಾನಿಯವರ ನೆನಪುಗಳನ್ನು ಕಾರ್ಯದರ್ಶಿಯವರು ಮುಂದಿನ ಸಭೆಯೊಳಗೆ ಧ್ವನಿಮುದ್ರಿಸಿಕೊಳ್ಳುವುದು."

ಸಹಿಗಳು ಬಂದ ಮೇಲೆ ರಿಜಿಸ್ಟರ್‌ನಲ್ಲಿ ಬೀಳುವ ಸಾಲು: 2024.7.1, ಅಳತೆ ಪುಸ್ತಕ, ಕಾಗದ, ಪೆನ್ಸಿಲ್ ಬರಹ, ಮೊದಲ ಎಲೆ ಹರಿದಿದೆ.