ಪಾಲಿಶ್ ಪೇಪರ್ ಮೊದ್ಲ ಕೆಳಗಿಡ್ರಿ

ಖಂಡೇ ಪೂಜಿ, ಅಂದ್ರ ದಸರಾದ ಆಯುಧ ಪೂಜಿ, ಹತ್ರ ಬಂತಂದ್ರ ನಂಗ ಒಂಥರಾ ಹೆದರಿಕಿ ಚಾಲೂ ಆಗ್ತೈತಿ. ಮೊದ್ಲ ಮಿಲ್ಟ್ರಿಯೊಳಗ ಆರ್ಮರರ್, ಅಂದ್ರ ಬಂದೂಕ ದುರಸ್ತಿ ಮಾಡಾವ ಇದ್ದೆ, ಈಗ ಬೆಳಗಾವ್ಯಾಗ ಬಂದೂಕ ರಿಪೇರಿ ಮಾಡ್ಕೊಂಡಿದೀನಿ, ತುಕ್ಕು ಹಿಡಿದ ಬಂದೂಕ ಎಷ್ಟು ನೋಡಿದ್ರೂ ಸಿಟ್ಟು ಬರಂಗಿಲ್ಲ, ಆದ್ರ ಫಳಫಳ ಹೊಳಿಯೋ ಹಳೇ ಮಿಲ್ಟ್ರಿ ರೈಫಲ್ ಕಂಡ್ರ ತಲಿ ಕೆಡ್ತೈತಿ. ಮುತ್ಯಾನ ರೈಫಲ್ ಗೋಡಿಂದ ಇಳಿಸಿ ಪಾಲಿಶ್ ಪೇಪರ್ ಹಚ್ಚಿ ತಿಕ್ಕಿ ತಿಕ್ಕಿ ಬೆಳ್ಳಿ ತಂಬಿಗಿ ಮಾಡಿರ್ತಾರ, ಕಟಗಿಗೆ ವಾರ್ನಿಶ್ ಬಳದಿರ್ತಾರ, ಮ್ಯಾಲೆ ಕುಂಕುಮ ಹಚ್ಚಿ ಫೋಟೋ ಹೊಡದು ವಾಟ್ಸಾಪ್ ಮಾಡ್ತಾರ, "ಸರ, ಇದಕ್ಕ ಎಷ್ಟು ಲಕ್ಷ ಬರ್ತೈತಿ?" ಅಂತ. ಯೂಟ್ಯೂಬ್‌ನ್ಯಾಗ ಅಮೆರಿಕಾದ ಹರಾಜು ನೋಡಿರ್ತಾರ್ರಿ, ಅವ್ರದೂ ತಪ್ಪಲ್ಲ.

ನಾ ಏನು ಓದಬೇಕೋ ಅದನ್ನ ನೀವು ತಿಕ್ಕಿ ಅಳಿಸಿ ತಂದಿರ್ತೀರಿ, ಇದ ನನ್ನ ತಕರಾರು. ತ್ರೀ ನಾಟ್ ತ್ರೀ ಅಂತೀವಲ್ಲ, ಆ ಲೀ ಎನ್‌ಫೀಲ್ಡ್ ತಗೋರಿ. ಬೋಲ್ಟ್ ಹಿಡಿಕಿ ಹಿಂದ, ಬಲಗಡೆ, ಕಟಗಿ ಕೂಡೋ ಜಾಗಾದಾಗ ಒಂದು ಕಬ್ಬಣದ ಪಟ್ಟಿ ಐತಿ. ಅಲ್ಲೇ ಜಾತಕ ಇರೋದು. ಮ್ಯಾಲೆ ಕಿರೀಟ, ಕೆಳಗ ರಾಜನ ಅಕ್ಷರ, ಆಮ್ಯಾಲೆ ಫ್ಯಾಕ್ಟರಿ ಹೆಸರು, ಇಸವಿ, ಮಾಡೆಲ್. ಬಂಗಾಲದ ಇಶಾಪುರ ಫ್ಯಾಕ್ಟರಿದು ಇದ್ರ ಹೆಚ್ಚಾಗಿ ಜಿ.ಆರ್.ಐ., ಅಂದ್ರ ಜಾರ್ಜ್ ರಾಜ ಚಕ್ರವರ್ತಿ ಅಂತಿರ್ತೈತಿ, ಸ್ವಾತಂತ್ರ್ಯ ಬಂದ ಮ್ಯಾಲಿಂದಾದ್ರ ಕಿರೀಟದ ಜಾಗಾದಾಗ ನಮ್ಮ ಅಶೋಕ ಸ್ತಂಭದ ಸಿಂಹ. ಮಾರ್ಕ್ ಮೂರು ಅನ್ನೋ ಮಾಡೆಲ್ ಹೆಸರಿನ ಮುಂದ ಸಣ್ಣ ಚುಕ್ಕಿ, ಅಂದ್ರ ನಕ್ಷತ್ರ ಇದ್ರ, ಮೊದಲನೇ ಮಹಾಯುದ್ಧದಾಗ ಲಗೂನ ಮಾಡಾಕಂತ ಕೆಲವು ಭಾಗ ಬಿಟ್ಟು ತಯಾರ್ ಮಾಡಿದ್ದು. ಬಾಣದ ಗುರುತು ಸರಕಾರದ ಮಾಲು ಅಂತ ಹೇಳ್ತೈತಿ, ಅದರ ಕೆಳಗ 'ಐ' ಇದ್ರ ಹಿಂದೂಸ್ತಾನದ ಸರಕಾರದ್ದು, ಎರಡು ಬಾಣ ಮೂತಿಗೆ ಮೂತಿ ಕೂಡಿದ್ರ ಸರಕಾರ ಮಾರಿ ಕೈ ತೊಳಕೊಂಡೈತಿ. ಡಿ.ಪಿ. ಅಂತಿದ್ರ ಡ್ರಿಲ್‌ಗಷ್ಟ, ಗುಂಡು ಹಾರಿಸೋದಲ್ಲ, ಎನ್‌ಸಿಸಿಯೊಳಗ ಇದ್ದವ್ರು ಹೊತ್ತಿರ್ತೀರಿ.

ಇವೆಲ್ಲಾ ಕಬ್ಬಣದ ಮ್ಯಾಲೆ ಕೂದಲೆಳಿಯಷ್ಟು ಆಳ ಒತ್ತಿದ ಅಕ್ಷರ. ಒಂದು ತಾಸು ಪಾಲಿಶ್ ಪೇಪರ್ ತಿಕ್ಕಿದ್ರ ಕಿರೀಟ ಹೋಗಿ ಗುಬ್ಬಿ ಆಗ್ತೈತಿ, ಇನ್ನೊಂದು ತಾಸು ತಿಕ್ಕಿದ್ರ ಗುಬ್ಬಿನೂ ಹಾರಿ ಹೋಗ್ತೈತಿ. ಓದಾಕ ಆಗವಲ್ದಾ? ಖಡು, ಅಂದ್ರ ಚಾಕ್‌ಪೀಸ್ ತಗೊಂಡು ಮ್ಯಾಲೆ ಸವರಿ, ಬಟ್ಟಿಲೆ ಹಗೂರಕ ಒರಸ್ರಿ, ಟಾರ್ಚ್ ಅಡ್ಡ ಹಿಡೀರಿ, ತಾನ ಕಾಣ್ತೈತಿ. ಕಟಗಿಗೆ ಅಗಸಿ ಎಣ್ಣಿ ಸಾಕು. ನಾವು ಚಟ್ನಿ ಕುಟ್ಟೋ ಅದ ಅಗಸಿ ಬೀಜದ ಎಣ್ಣಿನ ಬ್ರಿಟಿಷ್ ಸಿಪಾಯಿ ತನ್ನ ರೈಫಲ್ ಕಟಗಿಗೆ ತಿಕ್ಕತಿದ್ದ, ವಾರ್ನಿಶ್ ಅಲ್ಲ.

ಬೆಲೆ ಹೋದ್ರ ಹೋಗ್ಲಿ ಅಂತೀರಿ, ಆದ್ರ ನಂಬರ್? ಬಾಡಿ ಮ್ಯಾಲೆ ಇರೋ ನಂಬರ್ ಮತ್ತ ಲೈಸೆನ್ಸ್‌ನ್ಯಾಗ ಬರದಿರೋ ನಂಬರ್ ಎರಡೂ ಒಂದ ಇರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ 8ನೇ ಕಲಂ ಓದ್ರಿ. ಹೆಸರು, ನಂಬರ್ ಅಳಸೋದ ಅಪರಾಧ, ಅಷ್ಟ ಅಲ್ಲ, ಅಳಸಿದ ಬಂದೂಕ ಯಾರ ಕಡೆ ಸಿಗ್ತೈತೋ ಅವ್ರ ಅಳಸ್ಯಾರ ಅಂತ ಕಾನೂನು ಹಿಡಿತೈತಿ, ಅಲ್ಲ ಅಂತ ನೀವ ತೋರಸ್ಬೇಕು. "ಪೂಜಿಗೆ ಸ್ವಚ್ಛ ಮಾಡೀನ್ರಿ ಸಾಹೇಬ್ರ" ಅಂದ್ರ ಯಾವ ಸಾಹೇಬ ಕೇಳ್ತಾನ? ನಾನು ವಕೀಲ ಅಲ್ಲ, ನಿಮ್ಮ ಕೇಸಿನ ಮಾತು ವಕೀಲರನ್ನ ಕೇಳ್ರಿ, ಆದ್ರ ನಂಬರ್ ಇಲ್ಲದ ಮಾಲು ನಾ ಕೈಯಾಗ ಹಿಡ್ಯಂಗಿಲ್ಲ.

ಇಸವಿ ಬಗ್ಗೆನೂ ಒಂದು ಮಾತು. ರೈಫಲ್ ಮೂತಿಗೆ ಸಿಗಿಸೋ ಚೂರಿ, ಬಯೊನೆಟ್ ಮ್ಯಾಲೆ 1907 ಅಂತಿದ್ರ ಅದು ಮಾಡೆಲ್ ಹೆಸರು, ತಯಾರಾದ ತಿಂಗಳು ಇಸವಿ ಬ್ಯಾರೆ ಕಡೆ ಇರ್ತೈತಿ. ಬೈಲಹೊಂಗಲ ಕಡೆ ಒಂದು ವಾಡೇದಾಗ ಮಾರ್ಟಿನಿ ಹೆನ್ರಿ ತೋರ್ಸಿ, ಇದು ಕಿತ್ತೂರ ಚೆನ್ನಮ್ಮನ ಲಡಾಯಿದು ಅಂದ್ರು. ಲಡಾಯಿ ಆಗಿದ್ದು 1824, ಈ ರೈಫಲ್ ಬ್ರಿಟಿಷ್ ಸೈನ್ಯಕ್ಕ ಬಂದಿದ್ದ 1871ರಾಗ. ಅದರ ಮ್ಯಾಲೆ ಇದ್ದ ವಿ.ಆರ್. ಅಂದ್ರ ವಿಕ್ಟೋರಿಯಾ, ಆಕಿ ಪಟ್ಟಕ್ಕ ಬಂದಿದ್ದು 1837ರಾಗ. ಅಜ್ಜಾರು ಬೇಜಾರ ಮಾಡ್ಕೊಂಡ್ರು, ಚಾ ಮಾತ್ರ ಕುಡಿಸಿ ಕಳಿಸಿದ್ರು. ಇನ್ನ ವಿ.ಆರ್. ಕೆಳಗ 1914 ಅಂತಿದ್ರ ಅದು ಅಫ್ಘಾನಿಸ್ತಾನ-ಪಾಕಿಸ್ತಾನ ಗಡಿ ಕಡೆ ಪಠಾಣರು ಕೈಲೆ ಮಾಡಿದ ನಕಲಿ ಇರಬಹುದು, ರಾಣಿ 1901ರಾಗ ತೀರ್ಕೊಂಡಿದ್ಲು.

ಈಗ ಲಕ್ಷದ ಮಾತು. ಹೊರದೇಶದಾಗ ಬಾಡಿ, ಬೋಲ್ಟ್, ಮೂತಿ ಕಬ್ಬಣ ಎಲ್ಲಾ ಕಡೆ ಒಂದ ನಂಬರ್ ಇದ್ರ, ಹಳೇ ಬಣ್ಣ ಹಂಗ ಇದ್ರ, ನಳಗಿ ಒಳಗ ಸ್ವಚ್ಛ ಇದ್ರ ಹವ್ಯಾಸಿಗಳು ರೊಕ್ಕ ಸುರೀತಾರ. ನಮ್ಮಲ್ಲಿ .303 ನಿಷೇಧಿತ ಬೋರ್, ಅಂದ್ರ ಮಂದಿ ಸುಮ್ನ ಇಟ್ಕೊಳ್ಳಾಕ ಬಿಡದ ನಳಗಿ ಅಳತಿ. ಅದರ ಲೈಸೆನ್ಸ್ ಕೇಂದ್ರ ಸರಕಾರದ ಕೈಯಾಗ ಐತಿ, ಅಂಥ ಲೈಸೆನ್ಸ್ ಇದ್ದವ್ರಿಗಷ್ಟ ಮಾರಬೇಕು, ಅವರು ಎಷ್ಟು ಮಂದಿ ಅದಾರ? ತಗೊಳ್ಳವ್ರ ಇಲ್ಲದ ಮಾಲಿಗೆ ನಾ ಏನಂತ ಬೆಲೆ ಹೇಳ್ಲಿ?

ಹ್ವಾದ ವರ್ಷ ಖಾನಾಪುರ ಕಡೆಯಿಂದ ಒಬ್ಬ ಹುಡುಗ ಬಂದಿದ್ದ, ಅಣ್ಣತಮ್ಮಂದಿರ ವಾಟ್ನಿ ನಡದಿತ್ತು, ರೈಫಲ್ ಇವನ ಪಾಲಿಗೆ ಬಂದಿತ್ತಂತ. ಬಸ್ಸಿನ್ಯಾಗ ತಂದಿದ್ದ, ಕೌದ್ಯಾಗ ಸುತ್ಗೊಂಡು! ಲೈಸೆನ್ಸ್ ಮುಂಬೈ ಸರಕಾರದ ಕಾಲದ್ದು, ಮುತ್ಯಾನ ಹೆಸರಿಲೆ, ಮುತ್ಯಾ ತೀರ್ಕೊಂಡು ಮೂರು ವರ್ಷ. ಬಿಚ್ಚಿ ನೋಡಿದ್ರ ಕನ್ನಡಿ ಹೊಳದಂಗ ಹೊಳ್ಯಾತಿತ್ತು. ಪಟ್ಟಿ ಮ್ಯಾಲೆ 19 ಅನ್ನೋದಷ್ಟ ಉಳದಿತ್ತು, ಮುಂದಿನ ಎರಡು ಅಂಕಿ ಇಲ್ಲ, ಬಾಡಿ ನಂಬರೂ ನುಣ್ಣಗ. ಬೋಲ್ಟ್ ಹಿಡಿಕಿದ ಹಿಂಬದಿ ಮೈಗೆ ಅವನ ಕೈ ಹೋಗಿರಲಿಲ್ಲ, ಅಲ್ಲಿ ನಂಬರ್ ಇತ್ತು, ಲೈಸೆನ್ಸ್‌ಗೆ ತಾಳಿ ಆತು. ಅದನ್ನ ಚೀಟ್ಯಾಗ ಬರದು, ಠಾಣೆಗೆ ನಾನ ಫೋನ್ ಮಾಡಿ ಜಮಾ ಮಾಡ್ಸಿದೆ, ವಾರಸದಾರ ಲೈಸೆನ್ಸ್‌ಗೆ ಅರ್ಜಿ ಹಾಕೋ ದಾರಿ ಐತಿ ಅಂತನೂ ಹೇಳಿದೆ. ಹುಡುಗನ ಕೈ ನಡಗ್ತಿದ್ವು ಪಾಪ. ಗಡಿಬಿಡಿಯೊಳಗ ಕೌದಿ ನಮ್ಮ ಅಂಗಡ್ಯಾಗ ಬಿಟ್ಟು ಹೋದ. ಅವರ ಆಯಿ ಕೈಲೆ ಹೊಲಿದದ್ದಂತ, ಬಂದು ಒಯ್ಯಪಾ ಅಂತ ಎರಡು ಸಲ ಫೋನ್ ಮಾಡೀನಿ.